ಒಂಬತ್ತನೇ ತಾರೀಖಿನ ಶುಭಾಶಯ

ವಿಯೆನ್ನಾ
12 ಡಿಸೆಂಬರ್ 1956

ಪ್ರೀತಿಯ ಅಕ್ಕ,

ಇದನ್ನು ಗಾಶ್ಪಾರ್ ಕೈಲಿ ಕಳಿಸುತ್ತಿದ್ದೇನೆ. ನದಿ ಹೆಪ್ಪುಗಟ್ಟುವ ಮೊದಲು ಬುಡಾಪೆಸ್ಟ್‌ಗೆ ಅವನ ಸರಕು ದೋಣಿ ಹೋಗುವುದು ಇದೇ ಕೊನೆಯ ಸಲವಂತೆ. ಅಂಚೆಯಲ್ಲಿ ಹಾಕಿದ ಕಾಗದವನ್ನು ನಿನಗಿಂತ ಮೊದಲು ಬೇರೆಯವರು ಓದುತ್ತಾರೆ. ಅಂಚೆಗೆ ಹಾಕುವುದಿದ್ದರೆ ಬರೀ ಕ್ಷೇಮಸಮಾಚಾರ ಬರೆ. ನಿಜ ಬರೆಯುವುದಿದ್ದರೆ ಗಾಶ್ಪಾರ್‌ಗೆ ಕಾಯಿ.

ಯಾಕೆ ಬರಲಿಲ್ಲ ನೀವು?

ನವೆಂಬರ್ ಹತ್ತರಿಂದ ಹತ್ತೊಂಬತ್ತು ದಿನ ಗಡಿಯ ಶಿಬಿರದಲ್ಲಿ ನಿಂತಿದ್ದೆ. ಕಾಲುವೆಯ ಮರದ ಸೇತುವೆ ದಾಟಿ ಬಂದವರನ್ನೆಲ್ಲ ಅಲ್ಲಿಗೇ ಕರೆತರುತ್ತಿದ್ದರು. ಒಂದು ರಟ್ಟಿನ ಮೇಲೆ ‘ತಿವಾದರ್, ಪಿರೋಷ್ಕಾ, ಮಾರ್ತಾ, ಚೆಪೆಲ್’ ಎಂದು ಬರೆದು ಕೊರಳಿಗೆ ನೇತುಹಾಕಿಕೊಂಡಿದ್ದೆ. ಒಬ್ಬ ಮುದುಕಿ ಏನೋ ಮಾರುವವನೆಂದು ತಿಳಿದು, ‘ಎಷ್ಟಪ್ಪಾ?’ ಅಂದಳು. ನಿಮ್ಮ ಕಾರ್ಖಾನೆಯವರೇ ಮೂರು ಜನ ಬಂದರು. ತಿವಾದರ್ ಭಾವ ಹೊರಡಲಿಲ್ಲ ಎಂದಷ್ಟೇ ಹೇಳಿದರು.

ನಮ್ಮ ಗುರುತು ಮರೆತುಹೋಯಿತೆ? ಗಡಿಯಾಚೆಯಿಂದ ನಮ್ಮ ದೇಶಕ್ಕೆ ನಮ್ಮ ಭಾಷೆಯಲ್ಲೇ ಪ್ರಸಾರ ಮಾಡುವ ಈ ರೇಡಿಯೋ ನಾನು ಸೇರಿದ ವರ್ಷವೇ ಚೀಟಿ ಕಳಿಸಿ ಗೊತ್ತುಮಾಡಿಕೊಂಡಿದ್ದೆವಲ್ಲ. ಪ್ರತಿದಿನ ಬೆಳಗಿನ ವಾರ್ತೆ ಮುಗಿದ ಮೇಲೆ ಅಂದು ಕ್ಯಾಲೆಂಡರ್‌ನಲ್ಲಿ ಯಾರ ಹೆಸರಿದೆಯೋ ಅವರಿಗೆ ಹೆಸರಿನ ಹಬ್ಬದ ಶುಭಾಶಯ ಹೇಳುವುದು ನನ್ನ ಕೆಲಸ. ನವೆಂಬರ್ ಒಂಬತ್ತು ತಿವಾದರನ ಹೆಸರಿನ ದಿನ. ಅಂದು ನಾನು ಆ ಹೆಸರು ಹೇಳಿದರೆ ಇದ್ದಲ್ಲೇ ಇರಿ ಎಂದು. ಹೆಸರು ಬಾರದಿದ್ದರೆ ಕೂಡಲೇ ಹೊರಟು ಬನ್ನಿ ಎಂದು. ಐದು ವರ್ಷ ತಪ್ಪದೆ ಹೇಳಿದೆ. ಈ ವರ್ಷ ಹೇಳಲಿಲ್ಲ.

ಹೇಳಲು ನಾನು ಅಲ್ಲಿರಲೇ ಇಲ್ಲ. ನಾಲ್ಕನೇ ತಾರೀಖು ದಂಗೆ ಅಡಗಿಸಲು ಪರದೇಶದ ಟ್ಯಾಂಕುಗಳು ಮತ್ತೆ ಬುಡಾಪೆಸ್ಟ್‌ಗೆ ನುಗ್ಗಿದ ಸುದ್ದಿ ಬಂದಾಗ ಮುಖ್ಯಸ್ಥರ ಕೋಣೆಗೆ ಹೋಗಿ, ಹೊರಗಿನಿಂದ ಯಾರಾದರೂ ನೆರವಿಗೆ ಹೋಗುತ್ತಾರೆಯೇ ಎಂದು ಕೇಳಿದೆ. ಅವರು ಪೈಪಿನ ಬೂದಿ ಕೊಡವಿ, ‘ಯಾರೂ ಹೋಗಲ್ಲಪ್ಪ. ಆದ್ರೆ ಜನರ ಧೈರ್ಯ ಕುಗ್ಗಬಾರ್ದು. ನೀನು ಓದು,’ ಎಂದು ಕಾಗದ ಮುಂದೆ ಚಾಚಿದರು. ನಾನು ಓದಲಿಲ್ಲ. ಕೋಟು ಹಾಕಿಕೊಂಡು, ಬಾಗಿಲು ಬಡಿದು ಹೊರಬಂದೆ. ಅಂದಿನಿಂದ ಒಂದಕ್ಷರ ಓದಿಲ್ಲ. ಕೆಲಸ ಹೋಯಿತು, ಹೋಗಲಿ. ಸುಳ್ಳು ಹೇಳಿದವರ ಪಟ್ಟಿಯಲ್ಲಿ ನಿನ್ನ ತಮ್ಮನ ಹೆಸರಿಲ್ಲ. ಅಷ್ಟು ನಿನಗೆ ಗೊತ್ತಿರಲಿ.

ನನ್ನ ಮೌನ ನಿಮಗೆ ತಲುಪುತ್ತದೆ ಎಂದು ನಂಬಿದ್ದೆ.

ನಿನ್ನ
ಬೆನೆಡೆಕ್


ಬುಡಾಪೆಸ್ಟ್, ಚೆಪೆಲ್
20 ಜನವರಿ 1957

ಪ್ರೀತಿಯ ಬೆನೆಡೆಕ್,

ಇಲ್ಲಿ ನಾವು ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ತಿವಾದರ್ ನವೆಂಬರ್ ಕೊನೆಯಿಂದ ಆಸ್ಪತ್ರೆಯಲ್ಲಿದ್ದಾರೆ. ಯಾವಾಗ ಬಿಡುತ್ತಾರೋ ಅಲ್ಲಿಯವರು ಹೇಳುತ್ತಿಲ್ಲ. ಒಂಬತ್ತನೇ ತಾರೀಖಿನ ನಿನ್ನ ಶುಭಾಶಯ ಸರಿಯಾದ ಸಮಯಕ್ಕೆ ತಲುಪಿತು. ಅದರಲ್ಲಿ ಹೇಳಿದ್ದ ಪಥ್ಯವನ್ನೇ ಅವರು ಪಾಲಿಸಿದರು.

ಮೊನ್ನೆ ನನ್ನ ಹೆಸರಿನ ಹಬ್ಬವಿತ್ತು. ಯಾರೂ ಬರಲಿಲ್ಲ. ನಾನೂ ಯಾರನ್ನೂ ಕಾಯಲಿಲ್ಲ. ಮಾರ್ತಾ ಇನ್ನೆರಡು ಹಲ್ಲು ಕಳೆದುಕೊಂಡಿದ್ದಾಳೆ.

ಪಿರೋಷ್ಕಾ


ವಿಯೆನ್ನಾ
25 ಫೆಬ್ರವರಿ 1957

ಪ್ರೀತಿಯ ಅಕ್ಕ,

ಭಾವನಿಗೆ ಏನಾಗಿದೆ? ಎದೆಯೋ ಹೊಟ್ಟೆಯೋ ಬರೆಯಬಾರದೆ? ಈ ವರ್ಷ ನದಿ ಬೇಗ ಕರಗಿತು, ಇದರ ಜೊತೆ ಗಾಶ್ಪಾರ್ ಕೈಲೇ ಜ್ವರದ ಮಾತ್ರೆ, ಕಾಫಿಪುಡಿ ಕಳಿಸಿದ್ದೇನೆ. ವೈದ್ಯರಿಗೆ ಕಾಫಿ ಕೊಟ್ಟರೆ ಸ್ವಲ್ಪ ಗಮನ ಕೊಟ್ಟಾರು.

ಶುಭಾಶಯ ಎಂದು ಬರೆದಿದ್ದೀಯ. ಯಾವ ಶುಭಾಶಯ? ಅಂದು ನಾನು ಶಿಬಿರಕ್ಕೆ ಹೋಗುವ ಬಸ್ಸಿಗಾಗಿ ಚೀಲ ಕಟ್ಟುತ್ತಿದ್ದೆ. ಗರಗರ ಸದ್ದಿನಲ್ಲಿ ಬೇರೆ ಯಾರದೋ ದನಿ ನನ್ನದೆನಿಸಿರಬೇಕು.

ಇಲ್ಲಿ ನಿಮ್ಮನ್ನು ಯಾರೂ ಮರೆತಿಲ್ಲ. ವಿಶ್ವಸಂಸ್ಥೆಯಲ್ಲಿ ನಮ್ಮ ಪರವಾಗಿ ಎಷ್ಟೊಂದು ದೇಶಗಳು ಕೈ ಎತ್ತಿದವು. ನಾನಿರುವ ಬೀದಿಯಲ್ಲಿ ಒಂದು ವಾರ ಎಲ್ಲ ಕಿಟಕಿಗಳಲ್ಲೂ ಮೇಣದಬತ್ತಿ ಹಚ್ಚಿದ್ದರು. ಶಾಲೆಯ ಮಕ್ಕಳು ಕೈಗವಸು ಹೆಣೆದು ಕಳಿಸಿದರು. ನನ್ನ ಮನೆಯೊಡತಿ ಎರಡು ಸಲ ರಕ್ತ ಕೊಟ್ಟು ಬಂದಳು. ಒಂದು ಮೆರವಣಿಗೆಯ ಚಿತ್ರ ಇಟ್ಟಿದ್ದೇನೆ. ಎಡಗಡೆ ಮೂರನೆಯವನು ನಾನು.

ಇದಕ್ಕಿಂತ ಹೆಚ್ಚೇನು ಮಾಡಬಹುದಿತ್ತು ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಸೈನ್ಯ ಕಳಿಸಿದ್ದರೆ ಮೂರನೇ ಮಹಾಯುದ್ಧವಾಗುತ್ತಿತ್ತು. ಕಳಿಸದಿದ್ದುದಕ್ಕೆ ನೀವು ಒಂಟಿಯಾದಿರಿ. ಎರಡರ ನಡುವೆ ಮೇಣದಬತ್ತಿ ಹಚ್ಚುವುದು ಬಿಟ್ಟು ಬೇರೆ ದಾರಿ ಯಾರಿಗೂ ಹೊಳೆಯಲಿಲ್ಲ.

ಭಾವನಿಗೆ ಹೇಳು, ಸೂಪು ಸುರ್ರೆಂದು ಕುಡಿಯುತ್ತಾರೆಂದು ಇನ್ನು ಮೇಲೆ ಗೇಲಿ ಮಾಡುವುದಿಲ್ಲ.

ನಿನ್ನ
ಬೆನೆಡೆಕ್


ಬುಡಾಪೆಸ್ಟ್, ಚೆಪೆಲ್
6 ಮೇ 1957

ಬೆನೆಡೆಕ್,

ಗಾಶ್ಪಾರ್ ಬಂದಿದ್ದಾನೆ. ಅಡುಗೆಮನೆಯಲ್ಲಿ ಕೂತು ಸೂಪು ಕುಡಿಯುತ್ತಿದ್ದಾನೆ, ಅವನು ಎದ್ದು ಹೋಗುವುದರೊಳಗೆ ಬರೆದು ಮುಗಿಸಬೇಕು.

ಆಸ್ಪತ್ರೆ ಅಲ್ಲ. ಜೈಲು. ನವೆಂಬರ್ ಇಪ್ಪತ್ತೆರಡರಂದು ಕಾರ್ಖಾನೆಯ ಗೇಟಿನಲ್ಲೇ ಹಿಡಿದರು. ನಿನಗೆ ಅರ್ಥವಾದೀತು ಎಂದುಕೊಂಡಿದ್ದೆ. ಇಲ್ಲಿ ಅಂಥ ಕಾಗದ ಬಂದರೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ನಿನ್ನ ಮಾತ್ರೆ ಮಾರ್ತಾಳ ಜ್ವರಕ್ಕೆ ಒದಗಿತು, ಅದಕ್ಕೆ ಋಣಿ.

ಒಂಬತ್ತನೇ ತಾರೀಖು ಏನಾಯಿತೆಂದು ಬರೆಯುತ್ತೇನೆ. ಶುಕ್ರವಾರ. ಪಶ್ಚಿಮದ ಹಳ್ಳಿಗಳಿಂದ ರೊಟ್ಟಿ ತಂದಿದ್ದ ಲಾರಿಯೊಂದು ನಮ್ಮ ಬೀದಿಯಲ್ಲಿ ನಿಂತಿತ್ತು. ಮಧ್ಯಾಹ್ನ ಖಾಲಿ ಲಾರಿ ವಾಪಸು ಹೋಗುವುದಿತ್ತು. ಚಾಲಕ ಮೂರು ಜನಕ್ಕೆ ಜಾಗ ಇಟ್ಟಿದ್ದ. ಅಲ್ಲಿಯವರೆಗೆ ತಿವಾದರ್ ಯಾವುದಕ್ಕೂ ಕೈ ಹಾಕಿರಲಿಲ್ಲ. ಸಭೆಗೆ ಹೋಗಿ ಕೂತಿದ್ದರು, ಬೀದಿಯವರಿಗೆ ರೊಟ್ಟಿ ಹಂಚಿದ್ದರು, ಅಷ್ಟೆ. ಮಾರ್ತಾಗೆ ಎರಡೆರಡು ಉಣ್ಣೆಯ ಕಾಲುಚೀಲ ಹಾಕಿ ಬಾಗಿಲಲ್ಲಿ ನಿಲ್ಲಿಸಿದ್ದೆ. ಅವರು ಕೋಟು ಹಾಕಿಕೊಂಡೇ ರೇಡಿಯೋ ಮುಂದೆ ಕೂತಿದ್ದರು. ನಾನು ಹೊರಡೋಣ ಅಂದೆ.

‘ತಡಿ, ನಿನ್ನ ತಮ್ಮ ಏನಂತಾನೆ ಕೇಳೋಣ. ವರ್ಷಕ್ಕೊಂದ್ಸಲ ನನ್ನ ಹೆಸರು ಮರ್ಯಾದೆಯಿಂದ ಹಿಡೀತಾನೆ, ಪಾಪ.’

ನೀನು ಬಂದೆ. ಗರಗರ ಇರಲಿಲ್ಲ, ಅಂದು ಪಕ್ಕದ ಮನೆಯಿಂದ ಮಾತಾಡಿದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ನಿನ್ನ ಮಾತು ನನಗೆ ಬಾಯಿಪಾಠ ಬರುತ್ತದೆ: ‘ಇವತ್ತು ಹೆಸರಿನ ಹಬ್ಬ ಆಚರಿಸೋ ಎಲ್ಲ ತಿವಾದರ್‌ಗಳಿಗೂ ಶುಭಾಶಯ. ಈ ವರ್ಷ ಎರಡರಷ್ಟು. ಇದ್ದಲ್ಲೇ ಗಟ್ಟಿಯಾಗಿರಿ, ಇಡೀ ಜಗತ್ತು ನಿಮ್ಮ ಜೊತೆಗಿದೆ. ಮುಂದಿನ ಹಬ್ಬಕ್ಕೆ ನಿಮ್ಮನೆ ಅಡುಗೆಮನೇಲೇ ಕೂತು ಗಸಗಸೆ ಸುರುಳಿ ತಿಂತೀವಿ.’

ನಮ್ಮ ಮನೆಯ ಗಸಗಸೆ ಸುರುಳಿಯ ವಿಷಯ ಬೇರೆ ಯಾವ ವಾಚಕನಿಗೆ ಗೊತ್ತು, ಬೆನೆಡೆಕ್? ಹೆಸರು ಹೇಳುವ ಮೊದಲು ಮೂಗಿನಲ್ಲಿ ಉಸಿರೆಳೆಯುವುದು ನಿನ್ನ ಚಿಕ್ಕಂದಿನ ಅಭ್ಯಾಸ. ಅಮ್ಮ ಅದಕ್ಕೇ ಬೈಯುತ್ತಿದ್ದರು. ಮತ್ತೆ ನೀನು ಬರೆಯುತ್ತೀಯ, ನಾನು ಅಲ್ಲಿರಲೇ ಇಲ್ಲ ಎಂದು.

ತಿವಾದರ್ ಎದ್ದರು, ಕೋಟು ಬಿಚ್ಚಿ ಮೊಳೆಗೆ ಹಾಕಿದರು. ‘ಅಲ್ಲಿರೋರಿಗೆ ಎಲ್ಲಾ ಗೊತ್ತಿರುತ್ತೆ. ಗೊತ್ತಿಲ್ದೆ ಇಷ್ಟು ಹೇಳ್ತಾನಾ? ಮಗು ಕಾಲುಚೀಲ ಬಿಚ್ಚು, ಬೆವರುತ್ತೆ,’ ಅಂದರು. ಲಾರಿಯಲ್ಲಿ ಆ ಮೂರು ಜಾಗಕ್ಕೆ ಎದುರುಮನೆಯವರು ಹತ್ತಿದರು. ಮರುದಿನ, ಹತ್ತನೇ ತಾರೀಖು ಬೆಳಗ್ಗೆ, ಕಾರ್ಖಾನೆಯ ಗೇಟಿನ ಬಳಿ ದಂಗೆಯ ಹುಡುಗರು ಟ್ಯಾಂಕುಗಳಿಗೆ ಎದುರಾಗಿ ಇಟ್ಟಿದ್ದ ತೋಪಿನ ಚಕ್ರ ಸಿಕ್ಕಿಕೊಂಡಿತ್ತು. ಹುಡುಗರು ಬಂದು ಕರೆದರು. ಇವರು ಹೋಗಿ ಸರಿಮಾಡಿ ಕೊಟ್ಟರು. ಆರೋಪಪಟ್ಟಿಯಲ್ಲಿ ಇರುವುದು ಅದೊಂದೇ, ಅದೊಂದೇ ಸಾಕು ಎನ್ನುತ್ತಾರೆ ವಕೀಲರು.

ಕಾಲುಚೀಲ ಬಿಚ್ಚಿದವಳು ನಾನೇ. ಹೋಗಲೇಬೇಕೆಂದು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ, ಏಕೆಂದರೆ ನನಗೂ ನಂಬಬೇಕಾಗಿತ್ತು. ಆ ಪಾಲನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಮೆರವಣಿಗೆಯ ಚಿತ್ರ ನೋಡಿದೆ. ತೆಳ್ಳಗಾಗಿದ್ದೀಯ. ಸೈನ್ಯ ಕಳಿಸಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ನಾನೂ ಒಂದು ಮಹಾಯುದ್ಧವನ್ನು ನೆಲಮಾಳಿಗೆಯಲ್ಲಿ ಕೂತು ಕಳೆದವಳು. ಇನ್ನೊಬ್ಬರ ಮಕ್ಕಳನ್ನು ನನ್ನ ಬೀದಿಗೆ ಸಾಯಲು ಕಳಿಸಿ ಎಂದು ಕೇಳುವ ಹಕ್ಕು ನನಗಿದೆಯೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ, ಇದೆ ಎಂದು ಅನ್ನಿಸಿಲ್ಲ. ಆದರೆ ಬರುವುದಿಲ್ಲ ಎಂದಾದರೆ ಬರುವುದಿಲ್ಲ ಎನ್ನಬೇಕಿತ್ತು. ನೆಂಟರು ಬರುವುದಿಲ್ಲ ಎಂದು ಗೊತ್ತಾದ ಮನೆಯವರು ಇದ್ದ ಹಿಟ್ಟಿನಲ್ಲಿ ತಮಗಷ್ಟು ಮಾಡಿಕೊಂಡು ಉಣ್ಣುತ್ತಾರೆ. ಬರುತ್ತೇವೆ ಎಂದವರಿಗಾಗಿ ಒಲೆ ಉರಿಸಿಕೊಂಡು ಕೂತವರದು ಸೌದೆಯೂ ಹೋಯಿತು, ಹಿಟ್ಟೂ ಹೋಯಿತು.

ತಿಂಗಳಿಗೊಮ್ಮೆ ಹತ್ತು ನಿಮಿಷ ಭೇಟಿ ಮಾಡಬಹುದು. ಕಳೆದ ಸಲ ತಿವಾದರ್ ಒಂದೇ ಮಾತು ಕೇಳಿದರು. ‘ಅದನ್ನ ಹೇಳ್ದಾಗ, ಯಾರೂ ಬರಲ್ಲ ಅಂತ ಅವನಿಗೆ ಗೊತ್ತಿತ್ತಾ? ಅಷ್ಟು ಕೇಳಿ ಹೇಳು. ಬೈಯೋಕಲ್ಲ. ಇಲ್ಲಿ ಕೂತು ಕೂತು ಅದೊಂದೇ ತಲೆ ತಿಂತಿದೆ.’

ನಾಲ್ಕರಂದೇ ಮುಖ್ಯಸ್ಥರು ನಿನಗೆ ಹೇಳಿದ್ದರೆಂದು ನೀನೇ ಬರೆದಿದ್ದೀಯ, ನಾನು ಅವರಿಗೆ ಅದನ್ನು ತಿಳಿಸಿಲ್ಲ. ನಿನ್ನ ಬಾಯಿಂದಲೇ ಬರಲಿ. ಗಾಶ್ಪಾರ್‌ಗೆ ಕಾಯಬೇಡ, ಅಂಚೆಯಲ್ಲೇ ಹಾಕು. ಗೊತ್ತಿತ್ತು ಎಂದರೆ ‘ಮಳೆ ಬಂತು’ ಎಂದು ಬರೆ. ಗೊತ್ತಿರಲಿಲ್ಲ ಎಂದರೆ ‘ಮಳೆ ಬರಲಿಲ್ಲ’. ಎರಡು ಪದ ಸಾಕು.

ಪಿರೋಷ್ಕಾ


ಬುಡಾಪೆಸ್ಟ್, ಚೆಪೆಲ್
14 ಸೆಪ್ಟೆಂಬರ್ 1957

ಬೆನೆಡೆಕ್,

ನಾವು ಕ್ಷೇಮ. ಅಲ್ಲಿಯ ಹವೆಯ ವಿಷಯ ನೀನು ಬರೆಯಲೇ ಇಲ್ಲ. ಪ್ರತಿ ತಿಂಗಳೂ ಕೇಳುತ್ತಿದ್ದಾರೆ.

ಪಿರೋಷ್ಕಾ


ಬುಡಾಪೆಸ್ಟ್, ಚೆಪೆಲ್
2 ಡಿಸೆಂಬರ್ 1957

ಬೆನೆಡೆಕ್,

ಮೊದಲ ತೀರ್ಪು ಬಂತು. ಮೇಲ್ಮನವಿ ಜನವರಿಯಲ್ಲಿ.

ಮಳೆ ಬಂತೋ ಇಲ್ಲವೋ?

ಪಿರೋಷ್ಕಾ


ವಿಯೆನ್ನಾ
11 ಮಾರ್ಚ್ 1958

ಅಕ್ಕ,

ನಿನ್ನ ಮೇ ತಿಂಗಳ ಪತ್ರ ಓದಿ ಮೊದಲು ಸಿಟ್ಟು ಬಂತು. ಜೈಲಿನ ದುಃಖದಲ್ಲಿ ಏನೇನೋ ಕಲ್ಪಿಸಿಕೊಂಡಿದ್ದೀಯ ಎಂದುಕೊಂಡೆ. ಎರಡನೇ ಸಲ ಓದುವಾಗ ‘ಈ ವರ್ಷ ಎರಡರಷ್ಟು’ ಎಂಬಲ್ಲಿ ನಿಂತುಬಿಟ್ಟೆ. ಆ ಮಾತು ನನ್ನದೇ. ನಾನು ಅದನ್ನು ಹೇಳಿದ್ದೆ, ಒಂಬತ್ತರಂದಲ್ಲ.

ನಮ್ಮಲ್ಲಿ ವಾರ್ತೆಯನ್ನು ಆಯಾ ಹೊತ್ತಿಗೆ ಕೂತು ಓದುತ್ತಿದ್ದೆವು. ಹೆಸರಿನ ಹಬ್ಬದ ಶುಭಾಶಯವನ್ನು ಹಾಗಲ್ಲ, ಪ್ರತಿ ಶುಕ್ರವಾರ ಮುಂದಿನ ಇಡೀ ವಾರದ್ದನ್ನು ಒಟ್ಟಿಗೆ ಟೇಪಿಗೆ ಹೇಳಿ ಕಪಾಟಿನಲ್ಲಿ ಇಡುತ್ತಿದ್ದೆ. ಐದು ನಿಮಿಷದ ಕೆಲಸ. ನವೆಂಬರ್ ಎರಡು ಶುಕ್ರವಾರ. ನೆನಪಿದೆಯಾ ಆ ದಿನಗಳು? ಅವರ ಸೈನ್ಯ ಬುಡಾಪೆಸ್ಟ್ ಬಿಟ್ಟು ಹೋಗಿತ್ತು. ಇಲ್ಲಿ ನಾವು ಗುರುತಿಲ್ಲದವರನ್ನೂ ಅಪ್ಪಿಕೊಳ್ಳುತ್ತಿದ್ದೆವು. ಆ ಸಂಭ್ರಮದಲ್ಲಿ ಹೇಳಿದ್ದು, ಗಸಗಸೆ ಸುರುಳಿಯ ಮಾತು ಕಾಗದದಲ್ಲಿರಲಿಲ್ಲ, ಬಾಯಿಗೆ ಬಂತು.

ಆಗಸ್ಟ್‌ನಲ್ಲಿ ಹಳೆಯ ತಂತ್ರಜ್ಞನೊಬ್ಬ ನನ್ನನ್ನು ಒಳಗೆ ಬಿಟ್ಟ. ಡಬ್ಬಿಯ ಮೇಲೆ ನನ್ನದೇ ಅಕ್ಷರ: ‘ನವೆಂಬರ್ 5ರಿಂದ 11’. ನಾನು ಬಿಟ್ಟುಹೋದ ಮೇಲೆ ಆ ಕೆಲಸಕ್ಕೆ ಬೇರೆ ಜನ ಇರಲಿಲ್ಲವಂತೆ. ಟೇಪು ಇತ್ತು, ಹಾಕಿದರು. ಟ್ಯಾಂಕುಗಳು ಬೀದಿಯಲ್ಲಿದ್ದ ಏಳು ದಿನವೂ ನಾನು ಎಲ್ಲರಿಗೂ ಶುಭಾಶಯ ಹೇಳಿದೆ. ಯಾರಿಗೂ ಅದನ್ನು ನಿಲ್ಲಿಸಬೇಕೆಂದು ಅನ್ನಿಸಲಿಲ್ಲ.

ನನಗೆ ಅನ್ನಿಸಬೇಕಿತ್ತು. ಇದನ್ನು ಬರೆಯಲು ಇಷ್ಟು ತಿಂಗಳು ಹಿಡಿಯಿತು. ನಾಲ್ಕರಂದು ಹೊರಡುವಾಗ ಆ ಕಪಾಟಿನ ಮುಂದೆಯೇ ಹಾದುಹೋದೆ. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಏನೋ ಮರೆತೆ ಎಂದು ಒಂದು ಕ್ಷಣ ಅನ್ನಿಸಿತ್ತು ಕೂಡ. ಹಿಂದಿರುಗಿ ನೋಡಿದರೆ ಕಾಲೊತ್ತಿ ನಡೆದ ನಡಿಗೆ ಹಾಳಾಗುತ್ತಿತ್ತು. ಬಾಗಿಲು ಬಡಿದ ಸದ್ದು ನನಗೆ ಅಷ್ಟು ಹಿತವಾಗಿತ್ತು, ಅಕ್ಕ.

‘ಮಳೆ ಬರಲಿಲ್ಲ’ ಎಂದು ಆಗಸ್ಟ್‌ನಲ್ಲೇ ಬರೆಯಬಹುದಿತ್ತು. ಅದು ಸುಳ್ಳಲ್ಲ. ಎರಡನೇ ತಾರೀಖು ನನಗೆ ಗೊತ್ತಿರಲಿಲ್ಲ. ಒಂಬತ್ತಕ್ಕೆ ನನಗೆ ಗೊತ್ತಿತ್ತು, ನನ್ನ ದನಿಗೆ ಗೊತ್ತಿರಲಿಲ್ಲ. ಇದು ಎರಡು ಪದದಲ್ಲಿ ಹಿಡಿಯಲಿಲ್ಲ. ಪ್ರತಿ ವಾರ ಕೂತೆ, ಪ್ರತಿ ವಾರ ಹರಿದೆ. ಪೂರ್ತಿ ಬರೆದು ಗಾಶ್ಪಾರ್ ಕೈಲೇ ಕಳಿಸೋಣ ಎಂದುಕೊಂಡೆ, ಅಷ್ಟರಲ್ಲಿ ನದಿ ಹೆಪ್ಪುಗಟ್ಟಿತು. ಈಗ ನೀರು ಬಿಟ್ಟಿದೆ.

ಭಾವನಿಗೆ ಇದನ್ನೆಲ್ಲ ಹೇಳು. ಏನು ಬೇಕಾದರೂ ಬೈಯಲಿ.

ಬೆನೆಡೆಕ್


ಬುಡಾಪೆಸ್ಟ್, ಚೆಪೆಲ್
20 ಏಪ್ರಿಲ್ 1958

ಬೆನೆಡೆಕ್,

ತಿವಾದರ್ ಅವರನ್ನು ಫೆಬ್ರವರಿ ಹತ್ತೊಂಬತ್ತರಂದು ಗಲ್ಲಿಗೆ ಹಾಕಿದರು. ಎಲ್ಲಿ ಹೂತಿದ್ದಾರೆಂದು ಹೇಳಿಲ್ಲ. ಅವರ ಕೋಟು ವಾಪಸು ಕೊಟ್ಟರು.

ಕೊನೆಯ ಭೇಟಿಯಲ್ಲಿ ಅವರು ಮತ್ತೆ ಕೇಳಿದರು. ನಾನು, ‘ಪತ್ರ ಬಂತು ರೀ. ಅವನಿಗೆ ಗೊತ್ತಿರಲಿಲ್ಲವಂತೆ,’ ಅಂದೆ. ಪತ್ರ ಬಂದಿರಲಿಲ್ಲ. ನಿನಗೆ ಗೊತ್ತಿತ್ತೆಂದೇ ನಾನು ನಂಬಿದ್ದೆ. ಅವರು ತುಂಬ ಹೊತ್ತು ಜಾಲರಿಯ ಮೇಲೆ ಬೆರಳಾಡಿಸಿದರು. ಆಮೇಲೆ ನಕ್ಕರು. ‘ಹಂಗಾದ್ರೆ ಸರಿ. ಅವನೂ ನಮ್ಮಂಗೇ ಪೆದ್ದ. ನಾನು ಎಲ್ಲಿ ನಿನ್ನ ತಮ್ಮ ಬುದ್ಧಿವಂತ ಆಗ್ಬಿಟ್ನೋ ಅಂತಿದ್ದೆ.’

ಈಗ ನಿನ್ನ ಪತ್ರ ಬಂದು ನನ್ನ ಸುಳ್ಳನ್ನು ನಿಜ ಮಾಡಿದೆ. ಎರಡು ಪದ, ಆಗಸ್ಟ್‌ನಲ್ಲಿ. ಹಿಡಿಯಲಿಲ್ಲ ಎಂದು ಬರೆದಿದ್ದೀಯ. ಕಾಯುತ್ತಿದ್ದವರಿಗೆ ಹಿಡಿಯುತ್ತಿತ್ತು.

ಒಂದು ಮಾತು ಹೇಳಿ ಮುಗಿಸುತ್ತೇನೆ. ಒಂದೂವರೆ ವರ್ಷ ನೀನು ಬೇಕೆಂದೇ ಸುಳ್ಳು ಹೇಳಿದೆ ಎಂದು ನಂಬಿ ಬದುಕಿದೆ. ನಿನ್ನನ್ನು ದ್ವೇಷಿಸಿದೆ. ಆದರೆ ಅದರಲ್ಲಿ ಹಿಡಿದುಕೊಳ್ಳಲು ಏನೋ ಇತ್ತು: ಆ ಬೆಳಗ್ಗೆ ಗಡಿಯಾಚೆ ಒಬ್ಬ ಮನುಷ್ಯ ಕೂತು ನಮ್ಮನ್ನು ನೆನೆದು, ಮೋಸ ಮಾಡುವುದಕ್ಕಾದರೂ ನೆನೆದು, ಮಾತಾಡಿದ್ದ. ಅದೂ ಇರಲಿಲ್ಲ. ಖಾಲಿ ಕೋಣೆಯಲ್ಲಿ ಒಂದು ಡಬ್ಬಿ ತಿರುಗುತ್ತಿತ್ತು. ಅದಕ್ಕೆ ನಾವು ಮಗುವಿನ ಕಾಲುಚೀಲ ಬಿಚ್ಚಿದೆವು.

ನೀನು ಸುಳ್ಳು ಓದಲಿಲ್ಲ. ನಿನ್ನ ಕೈ ಶುಭ್ರವಾಗಿಯೇ ಇದೆ, ಅದನ್ನು ಹಾಗೇ ಇಟ್ಟುಕೋ. ಇನ್ನು ಬರೆಯಬೇಡ.

ತಿವಾದರ್ ಅವರ ಹೆಂಡತಿ


ವಿಯೆನ್ನಾ
9 ನವೆಂಬರ್ 1963

ಅಕ್ಕ,

ನೀನು ಕೋಮಾರೊಂ ಊರಿಗೆ ಹೋಗಿ ಅತ್ತೆಯ ಮನೆಯಲ್ಲಿದ್ದೀಯ ಎಂದು ಗಾಶ್ಪಾರ್ ಹೇಳಿದ. ನಾನು ಬೇಕರಿಯೊಂದರ ವ್ಯಾನು ಓಡಿಸುತ್ತೇನೆ. ಮಾತಾಡುವ ಕೆಲಸವಲ್ಲ. ಉತ್ತರ ಬೇಡ. ಇವತ್ತಿನ ದಿನ ಗೊತ್ತಿದೆ ಎಂದು ಹೇಳಲು ಬರೆದೆ.

ಬೆನೆಡೆಕ್


ಕೋಮಾರೊಂ
15 ಅಕ್ಟೋಬರ್ 1968

ಬೆನೆಡೆಕ್,

ಹತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷಮಿಸಿದ್ದೇನೆಂದು ತಿಳಿಯಬೇಡ. ಒಂದು ಸಂಗತಿ ನಡೆದಿದೆ. ಅದನ್ನು ಹೇಳಿದರೆ ಅರ್ಥವಾಗುವ ಮನುಷ್ಯ ನೀನೊಬ್ಬನೇ ಉಳಿದಿದ್ದೀಯ, ಅದು ನನಗೂ ಇಷ್ಟದ ವಿಷಯವಲ್ಲ. ಗಾಶ್ಪಾರ್ ಮಗ ಈಗ ದೋಣಿ ನಡೆಸುತ್ತಾನೆ, ಅವನ ಕೈಲಿ ಕಳಿಸುತ್ತೇನೆ.

ಇಲ್ಲಿ ಆರು ವರ್ಷ ಅಂಚೆ ಕಚೇರಿಯ ನೆಲ ಒರೆಸಿದೆ. ಆಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂರಿಸಿದರು, ಸ್ಲೋವಾಕ್ ಭಾಷೆ ಬಲ್ಲವರು ಬೇರೆ ಸಿಗಲಿಲ್ಲ. ನದಿಯೇ ಗಡಿ, ಅದರಾಚೆ ಸ್ಲೋವಾಕರ ದೇಶದ ಕೋಮಾರ್ನೊ. ಅಲ್ಲಿಯ ಎಕ್ಸ್‌ಚೇಂಜಿನಲ್ಲಿ ಆರಾಂಕಾ ಎಂಬ ಹೆಂಗಸು. ನಾಲ್ಕು ವರ್ಷದಿಂದ ದಿನವೂ ಅವಳ ದನಿ ಕೇಳಿದ್ದೇನೆ, ಮುಖ ನೋಡಿಲ್ಲ. ಬೆಳಗಿನ ಮೊದಲ ಕರೆ ಜೋಡಿಸುವ ಮುನ್ನ ಅವಳು ಕ್ಯಾಲೆಂಡರ್ ನೋಡಿ ಅಂದಿನ ಹೆಸರು ಹೇಳುತ್ತಾಳೆ. ‘ಇವತ್ತು ಮಾರ್ತಾ ಹೆಸರು, ಅಕ್ಕಾ. ಮಗಳಿಗೆ ಏನು ಸಿಹಿ?’ ಎನ್ನುತ್ತಾಳೆ. ನವೆಂಬರ್ ಒಂಬತ್ತರಂದು ‘ತಿವಾದರ್’ ಎನ್ನುತ್ತಾಳೆ. ನಾನು ‘ಹೂಂ, ಜೋಡಿಸು’ ಎನ್ನುತ್ತೇನೆ. ನನ್ನ ಗಂಡನ ಹೆಸರನ್ನು ಅವಳಿಗೆ ಹೇಳಿಲ್ಲ. ಐವತ್ತಾರರಲ್ಲಿ ಚೆಪೆಲ್‌ನಲ್ಲಿದ್ದೆ ಎಂದಷ್ಟೇ ಅವಳಿಗೆ ಗೊತ್ತು.

ಆಗಸ್ಟ್ ಇಪ್ಪತ್ತೊಂದರ ಬೆಳಗ್ಗೆ, ಐವತ್ತಾರರಲ್ಲಿ ನಮ್ಮ ಮೇಲೆ ಬಂದ ಅದೇ ಸೈನ್ಯದ ಟ್ಯಾಂಕುಗಳು ಸೇತುವೆ ದಾಟಿ ಆ ದಡಕ್ಕೆ ಹೋದವು. ಈ ಸಲ ಅವುಗಳ ಜೊತೆ ನಮ್ಮ ಹುಡುಗರೂ ಇದ್ದರು. ನಮ್ಮ ಹುಡುಗರು, ಬೆನೆಡೆಕ್. ನನ್ನ ಕಿಟಕಿಯಿಂದ ಕಾಣುತ್ತಿತ್ತು. ಟ್ಯಾಂಕಿನ ಮೇಲಿದ್ದ ಅತ್ತೆಯ ಪಕ್ಕದ ಮನೆಯ ಹುಡುಗ ನನ್ನನ್ನು ಗುರುತಿಸಿ ಕೈಬೀಸಿದ. ನಾನೂ ಬೀಸಿಬಿಟ್ಟೆ, ಅಭ್ಯಾಸಬಲ.

ಎಕ್ಸ್‌ಚೇಂಜಿನಲ್ಲಿ ಒಬ್ಬ ಸೈನ್ಯದ ಅಧಿಕಾರಿಯನ್ನು ಕೂರಿಸಿದ್ದರು. ಎಲ್ಲ ಕರೆಗಳನ್ನೂ ಅವನು ಕೇಳಿಸಿಕೊಳ್ಳುತ್ತಿದ್ದ. ಎಂಟು ಗಂಟೆಗೆ ನನ್ನ ಸ್ವಿಚ್‌ಬೋರ್ಡಿನಲ್ಲಿ ಆರಾಂಕಾಳ ತಂತಿಯ ದೀಪ ಹತ್ತಿತು. ಅಂದು ಅವಳು ಯಾವ ಹೆಸರೂ ಹೇಳಲಿಲ್ಲ.

‘ಅಕ್ಕಾ, ಒಂದು ಮಾತು ಕೇಳ್ಲಾ? ನಮ್ಮನೆಯವರು, ಇನ್ನೊಂದಿಪ್ಪತ್ತು ಜನ, ಹಡಗುಕಟ್ಟೆ ಗೇಟಿಗೆ ಅಡ್ಡ ಕೂತಿದಾರೆ. ಹೊರಗಿನ ರೇಡಿಯೋ ಕೇಳ್ಕೊಂಡು ಏಳ್ತಾನೇ ಇಲ್ಲ. ಇಡೀ ಜಗತ್ತು ನಮ್ಮ ಕಡೆ ಇದೆಯಂತೆ. ನೀವು ಇದನ್ನ ಕಂಡೋರು. ನಿಜ ಹೇಳಿ, ಯಾರಾದ್ರೂ ಬರ್ತಾರಾ?’

ನನಗೆ ಹೇಗಾಯಿತೆಂದು ನಿನಗೆ ಬರೆಯಬೇಕಾಗಿಲ್ಲ. ಹನ್ನೆರಡು ವರ್ಷ ನಾನು ಯಾರಿಗಾಗಿ ಕಾದಿದ್ದೆನೋ ಆ ಮನುಷ್ಯ ನಾನೇ ಆಗಿದ್ದೆ. ಕೋಣೆಯಲ್ಲಿದ್ದೆ, ಎಚ್ಚರವಾಗಿದ್ದೆ, ದನಿಯ ಹಿಂದೆಯೇ ಕೂತಿದ್ದೆ. ನಿಜ ಗೊತ್ತಿತ್ತು. ಹೇಳಿದೆ.

‘ಯಾರೂ ಬರಲ್ಲ, ಆರಾಂಕಾ. ಗಂಡನ್ನ ಮನೆಗೆ ಕರ್ಕೊಂಡ್ ಹೋಗು.’

ಆಮೇಲೆ ಅವಳು, ‘ಟ್ಯಾಂಕ್ ಮೇಲೆ ನಿಂತು ನಿಮ್ಮ ಹುಡುಗ್ರೂ ಇದನ್ನೇ ಕೂಗ್ತಿದಾರೆ, ಅಕ್ಕಾ,’ ಎಂದಳು. ದೀಪ ಆರಿತು.

ಅಧಿಕಾರಿ ಕಿವಿಯ ಹೆಡ್‌ಫೋನ್ ತೆಗೆದು ನನ್ನ ಕಡೆ ತಿರುಗಿದ. ಕೆಲಸ ಹೋಯಿತು, ಮಾರ್ತಾಳ ಕಾಲೇಜೂ ಹೋಯಿತು ಎಂದುಕೊಂಡೆ. ಅವನು ನಗುಮುಖದಿಂದ, ‘ಚೆನ್ನಾಗಿ ಹೇಳಿದ್ರಿ ಅಮ್ಮ. ಇಂಥವರು ನಾಲ್ಕು ಜನ ಇದ್ರೆ ನಮಗೆ ಗುಂಡೇ ಬೇಕಾಗಲ್ಲ,’ ಎಂದ. ನನಗೆ ಚಹಾ ತರಿಸಿಕೊಟ್ಟ. ನಾನು ಅದನ್ನು ಕುಡಿದೆ.

ಬರುವುದಿಲ್ಲ ಎಂದಾದರೆ ಬರುವುದಿಲ್ಲ ಎನ್ನಬೇಕು ಎಂದು ನಿನಗೆ ಎಷ್ಟು ಖಂಡಿತವಾಗಿ ಬರೆದಿದ್ದೆ. ಅಷ್ಟು ಮಾಡಿದರೆ ಹೊರಗಿನವರ ಕರ್ತವ್ಯ ತೀರಿತು ಎಂದು ಹನ್ನೊಂದು ವರ್ಷ ನಂಬಿದ್ದೆ. ನಾನು ಅಷ್ಟನ್ನು ಮಾಡಿದೆ, ನುಗ್ಗಿದವರು ನನಗೆ ಚಹಾ ಕೊಟ್ಟರು. ಹಾಗೆಂದು ಅವಳಿಗೆ ಬೇರೇನು ಹೇಳಬೇಕಿತ್ತು? ಗಟ್ಟಿಯಾಗಿರು ಎಂದೇ? ಆ ಮಾತು ನನ್ನ ಬಾಯಲ್ಲಿ ಯಾವತ್ತೂ ಬರಲಾರದು. ನಿಜವನ್ನೇ ಹೇಳಿ, ಆಮೇಲೆ ಎದ್ದು ಸೇತುವೆಯ ಈ ತುದಿಯಲ್ಲಿ ಹೋಗಿ ಅಡ್ಡ ಕೂರಬೇಕಿತ್ತೇನೋ. ಕೂರಲಿಲ್ಲ. ಒಂಬತ್ತು ಗಂಟೆಯ ಕರೆಗಳನ್ನು ಜೋಡಿಸಿದೆ.

ಮೂರು ವಾರ ಆ ದಡದ ತಂತಿ ಸತ್ತಿತ್ತು. ಸೆಪ್ಟೆಂಬರ್‌ನಲ್ಲಿ ಮತ್ತೆ ದೀಪ ಹತ್ತಿದಾಗ ಅವಳದೇ ದನಿ. ಆದರೆ ನಂಬರುಗಳನ್ನು ಮಾತ್ರ ಹೇಳಿದಳು, ಅದೂ ಸ್ಲೋವಾಕ್ ಭಾಷೆಯಲ್ಲಿ. ನಾಲ್ಕು ವರ್ಷ ನಾವು ನಮ್ಮ ಮಾತಿನಲ್ಲೇ ಮಾತಾಡಿದವರು. ಕೊನೆಯ ಕರೆ ಜೋಡಿಸಿದ ಮೇಲೆ ನಾನು ತಂತಿ ಕೀಳದೆ ಸುಮ್ಮನೆ ಕೂತೆ. ಅವಳೂ ಕೀಳಲಿಲ್ಲ. ಉಸಿರು ಕೇಳುತ್ತಿತ್ತು.

‘ಅವರು ಮನೇಲಿದ್ದಾರೆ,’ ಎಂದಳು. ನಮ್ಮ ಭಾಷೆಯಲ್ಲಿ. ಅಷ್ಟೇ ಹೇಳಿ ಕಿತ್ತಳು.

ಅದು ಉಪಕಾರ ನೆನೆದದ್ದೋ, ಉಗಿದದ್ದೋ ಗೊತ್ತಾಗಲಿಲ್ಲ. ಬದುಕಿದ್ದಾರೆ ಎಂದೋ, ಎದ್ದು ಬಂದ ನಾಚಿಕೆಯಲ್ಲಿ ಮನೆಯಿಂದ ಹೊರಬೀಳುತ್ತಿಲ್ಲ ಎಂದೋ. ತಿವಾದರ್ ಮನೆಯಲ್ಲಿದ್ದಿದ್ದರೆ ಹೇಗಿರುತ್ತಿದ್ದರು ಎಂದು ಯೋಚಿಸುತ್ತೇನೆ. ಬಹುಶಃ ಅವರೂ ಹೊರಬೀಳುತ್ತಿರಲಿಲ್ಲ. ಸೂಪು ಕುಡಿಯುವ ಸದ್ದಂತೂ ಇರುತ್ತಿತ್ತು.

ಅಂದಿನಿಂದ ಅವಳು ನನಗೆ ಯಾವ ಹೆಸರನ್ನೂ ಹೇಳಿಲ್ಲ. ಈ ವರ್ಷ ನವೆಂಬರ್ ಒಂಬತ್ತು ಶನಿವಾರ ಬರುತ್ತದೆ. ಬೆಳಗಿನ ಪಾಳಿ ನನ್ನದೇ, ಕೇಳಿ ಹಾಕಿಸಿಕೊಂಡಿದ್ದೇನೆ. ಎಂಟು ಗಂಟೆಗೆ ಅವಳ ದೀಪ ಹತ್ತುತ್ತದೆ. ಅವಳು ಹೆಸರು ಹೇಳಿದರೆ ಏನು, ಹೇಳದಿದ್ದರೆ ಏನು ಎಂದು ನಾವಿಬ್ಬರೂ ಏನನ್ನೂ ಗೊತ್ತುಮಾಡಿಕೊಂಡಿಲ್ಲ. ಆದರೂ ಕಾಯುತ್ತೇನೆ.

ಪಿರೋಷ್ಕಾ